ವಿದೇಶದಿಂದ ತವರಿಗೆ: ಮೊದಲು ಮನೆಯ ದಿನಗಳನ್ನು ಎತ್ತಿಡಿ

ಮೂರು ವರ್ಷ ಬಿಟ್ಟು ಊರಿಗೆ ಬಂದಿದ್ದೆ. ಸಿಕ್ಕಿದ್ದು 23 ದಿನದ ರಜೆ. ವಾಪಸ್ ಹೋಗುವಾಗ ವಿಮಾನದಲ್ಲಿ ಕೂತು ಬೆರಳು ಮಡಚಿ ಎಣಿಸಿದೆ. ಅಮ್ಮನ ಮನೆಯಲ್ಲಿ ನಾನು ಮಲಗಿದ್ದು ಬರೀ ಏಳು ರಾತ್ರಿ. ಮಿಕ್ಕಿದ್ದೆಲ್ಲ ಮದುವೆ, ಗೃಹಪ್ರವೇಶ, ಬ್ಯಾಂಕು, ಬೆಂಗಳೂರಿನ ಅಂಗಡಿಗಳು, ನೆಂಟರ ಮನೆಯ ಊಟ. ಆ ಏಳರಲ್ಲೂ ಮೂರು ರಾತ್ರಿ ಜೆಟ್ ಲ್ಯಾಗ್‌ನಲ್ಲಿ ಹೋಯಿತು. ಅಮ್ಮ ಹೊರಡುವಾಗ ಒಂದೇ ಮಾತು ಹೇಳಿದ್ದರು: "ಕೂತು ಮಾತಾಡೋಕೇ ಆಗ್ಲಿಲ್ಲ ಅಲ್ವಾ?"

ನನ್ನ ತವರು ತಿಪಟೂರು ಹತ್ತಿರದ ಹಳ್ಳಿ. ಗಂಡನ ಮನೆ ಹಾಸನ. ನಾವಿರುವುದು ನ್ಯೂಜೆರ್ಸಿಯಲ್ಲಿ. ಆ ಪ್ರಯಾಣ ಆದಮೇಲೆ ನಾನು ಲೆಕ್ಕವನ್ನೇ ತಿರುಗಿಸಿದೆ. ಈಗ ಟಿಕೆಟ್ ಮಾಡಿಸುವ ಮುಂಚೆ ಒಂದು ಹಾಳೆ ತಗೊಂಡು ಮನೆಯಲ್ಲಿ ಸುಮ್ನೆ ಇರುವ ದಿನಗಳನ್ನು ಮೊದಲು ಬರೆಯುತ್ತೇನೆ. ಮೂರು ವಾರ ಇದ್ದರೆ ಹತ್ತು ದಿನ ತವರು, ಐದು ದಿನ ಅತ್ತೆ ಮನೆ. ಉಳಿದ ಆರು ದಿನದಲ್ಲಿ ಬೇರೆ ಎಲ್ಲ ಕೆಲಸ ಮುಗಿಯಬೇಕು. ಮುಗಿಯದಿದ್ದರೆ ಮುಂದಿನ ಸಲ. ಈ ಬರಹ ಪೂರ್ತಿ ಆ ಹಾಳೆಯ ಸುತ್ತಲೇ ಇದೆ.

ಯಾವ ತಿಂಗಳು?

ಟಿಕೆಟ್ ರೇಟು ನೋಡುವ ಮುಂಚೆ ಪಂಚಾಂಗ ನೋಡಿ. ಮದುವೆ ಕಾಲದಲ್ಲಿ ಬಂದರೆ ನಿಮ್ಮ ದಿನಗಳು ನಿಮ್ಮವಲ್ಲ. "ಅಮೆರಿಕದಿಂದ ಬಂದಿದ್ದಾಳೆ, ನಮ್ಮ ಮನೆ ಮದುವೆಗೆ ಬರಲಿಲ್ಲ" ಅನ್ನೋ ಮಾತು ಅಪ್ಪ ಅಮ್ಮನ ಮೇಲೆ ಬೀಳುತ್ತದೆ. ಹಾಗಾಗಿ ನನಗೆ ಇಷ್ಟವಾದ ಕಾಲ ಧನುರ್ಮಾಸ. ಡಿಸೆಂಬರ್ 16ರ ಆಸುಪಾಸು ಶುರುವಾಗಿ ಸಂಕ್ರಾಂತಿವರೆಗೆ. ನಮ್ಮ ಕಡೆ ಆಗ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಅಮೆರಿಕದ ಶಾಲೆಗಳಿಗೆ ಕ್ರಿಸ್‌ಮಸ್ ರಜೆ. ಮೇಲಾಗಿ ಅವರೆಕಾಯಿ ಕಾಲ. ಟಿಕೆಟ್ ಮಾತ್ರ ದುಬಾರಿ. ಅದಕ್ಕೆ ನಾಲ್ಕೈದು ತಿಂಗಳು ಮೊದಲೇ ನೋಡಬೇಕು.

ಬೇಸಿಗೆ ರಜೆಯಲ್ಲೇ ಬರಬೇಕು ಅನ್ನುವವರಿಗೆ ಆಷಾಢ ಇದೆ. ಅದೂ ಮದುವೆಗಳಿಲ್ಲದ ತಿಂಗಳು, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ತಿಂಗಳು. ಆದರೆ ಒಂದು ವಿಷಯ ಗಮನದಲ್ಲಿರಲಿ. ನಮ್ಮ ಮಕ್ಕಳಿಗೆ ಅಲ್ಲಿ ರಜೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಕರ್ನಾಟಕದ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಜುಲೈನಲ್ಲಿ ಬಂದರೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ. ಜೊತೆಗೆ ಆಡುವವರು ಭಾನುವಾರ ಮಾತ್ರ ಸಿಗುತ್ತಾರೆ.

ತವರು, ಅತ್ತೆ ಮನೆ ದಿನಗಳ ಹಂಚಿಕೆಯನ್ನು ಹೊರಡುವ ಮುಂಚೆಯೇ ಗಂಡ ಹೆಂಡತಿ ಮಾತಾಡಿಕೊಂಡು ಎರಡೂ ಮನೆಗೆ ಫೋನಿನಲ್ಲಿ ಹೇಳಿಬಿಡಿ. ತಾರೀಕು ಸಮೇತ. ಊರಿಗೆ ಬಂದಮೇಲೆ ಈ ಮಾತು ತೆಗೆದರೆ ಯಾರಿಗಾದರೂ ನೋವಾಗಿಯೇ ಆಗುತ್ತದೆ.

ಕಾಗದ ಪತ್ರ

ಇಲ್ಲಿ ಆತುರ ಪಟ್ಟರೆ ಇಡೀ ಪ್ರಯಾಣವೇ ಕೆಡುತ್ತದೆ. ಎಲ್ಲರ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲೆ ಇಡಿ. ವಾಪಸ್ ಬರುವ ದಿನದಿಂದ ಇನ್ನೂ ಆರು ತಿಂಗಳು ಬಾಳಿಕೆ ಇದೆಯಾ ನೋಡಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಅದು ನೆನಪಿನಿಂದ ಜಾರಿಹೋಗುವುದು ಜಾಸ್ತಿ.

ಅಮೆರಿಕದಲ್ಲಿ ಹುಟ್ಟಿದ ಮಗುವಿನ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುತ್ತದೆ. ಆ ಮಗು ಭಾರತಕ್ಕೆ ಬರಲು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಭಾರತ ಸರ್ಕಾರ ಕೊಡುವ ಕಾರ್ಡ್) ಬೇಕು, ಇಲ್ಲವೇ ವೀಸಾ ಬೇಕು. ಒಸಿಐಗೆ ಅರ್ಜಿ ಹಾಕಿದರೆ ವಾರಗಟ್ಟಲೆ ಹಿಡಿಯುತ್ತದೆ. ಫೋಟೋ ಅಳತೆ, ಸಹಿ, ಹೆಸರಿನ ಅಕ್ಷರ, ಯಾವುದರಲ್ಲಿ ತಪ್ಪಾದರೂ ಅರ್ಜಿ ತಿರುಗಿ ಬರುತ್ತದೆ. ಮೂರು ತಿಂಗಳಾದರೂ ಕೈಯಲ್ಲಿರಲಿ. ಕಾರ್ಡ್ ಆಗಲೇ ಇದ್ದು ಮಗುವಿಗೆ ಹೊಸ ಪಾಸ್‌ಪೋರ್ಟ್ ಬಂದಿದ್ದರೆ ಕಾರ್ಡ್ ಬದಲಿಸಬೇಕಿಲ್ಲ. ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೋವನ್ನು ಒಸಿಐ ಜಾಲತಾಣದಲ್ಲಿ ಮೂರು ತಿಂಗಳ ಒಳಗೆ ಹಾಕಬೇಕು. ದುಡ್ಡಿಲ್ಲ. ಗಂಡ ಅಥವಾ ಹೆಂಡತಿ ಒಬ್ಬರೇ ಮಗುವನ್ನು ಕರೆದುಕೊಂಡು ಹೊರಟಿದ್ದರೆ, ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ ಮೇಲೆ ಇರುವವರಿಗೆ ಒಂದು ಗಟ್ಟಿ ಮಾತು. ನಿಮ್ಮ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ತಾರೀಕನ್ನು ಇವತ್ತೇ ನೋಡಿ. ವಾಪಸ್ ಬರುವ ದಿನಕ್ಕೂ ಅದು ಚಾಲ್ತಿಯಲ್ಲಿದ್ದರೆ ನಿಶ್ಚಿಂತೆ. ಮುಗಿದಿದ್ದರೆ ಭಾರತದಲ್ಲಿ ಹೊಸದಾಗಿ ಸ್ಟ್ಯಾಂಪ್ ಮಾಡಿಸಬೇಕು, ಆ ಕೆಲಸ ಈಗ ಮೊದಲಿನ ಹಾಗಿಲ್ಲ. 2025ರ ಸೆಪ್ಟೆಂಬರಿನಿಂದ, ಸಂದರ್ಶನವಿಲ್ಲದೆ ಕಾಗದ ಪತ್ರ ಕೊಟ್ಟು ಸ್ಟ್ಯಾಂಪ್ ಪಡೆಯುವ ಡ್ರಾಪ್‌ಬಾಕ್ಸ್ ಅನುಕೂಲ ಹೆಚ್ಚಿನವರಿಗೆ ತಪ್ಪಿದೆ, ಸಂದರ್ಶನಕ್ಕೆ ಹೋಗಲೇಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ಅರ್ಜಿದಾರರ ಸೋಷಿಯಲ್ ಮೀಡಿಯಾ ಖಾತೆಗಳ ಪರಿಶೀಲನೆ ಶುರುವಾದಾಗ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಮೂರು ವಾರಕ್ಕೆಂದು ಬಂದವರು ಊರಲ್ಲೇ ಸಿಕ್ಕಿಹಾಕಿಕೊಂಡರು. ಮನೆ ಬಾಡಿಗೆ ಅಲ್ಲಿ, ಮಕ್ಕಳ ಶಾಲೆ ಅಲ್ಲಿ, ಇವರು ಇಲ್ಲಿ. ಹಾಗಾಗಿ ಮೊದಲು ಸಂದರ್ಶನದ ಸ್ಲಾಟ್, ಆಮೇಲೆ ಟಿಕೆಟ್. ಸಂದರ್ಶನ ರಜೆಯ ಮೊದಲ ವಾರದಲ್ಲೇ ಬರುವ ಹಾಗೆ ನೋಡಿ. ನಮಗೆ ಹತ್ತಿರದ್ದು ಚೆನ್ನೈ ಅಥವಾ ಹೈದರಾಬಾದ್, ಅದಕ್ಕೆ ಮೂರು ದಿನ ಬೇರೆ ತೆಗೆದಿಡಿ. ತಡವಾದರೆ ಭಾರತದಿಂದಲೇ ಕೆಲಸ ಮಾಡಬಹುದಾ ಅಂತ ಕಂಪನಿಯಿಂದ ಬರಹದಲ್ಲಿ ಕೇಳಿ ತಗೊಳ್ಳಿ. ಅನುಮಾನವಿದ್ದರೆ ವಕೀಲರನ್ನು ಕೇಳದೆ ಹೊರಡಬೇಡಿ.

ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ತುಂಬಾ ದಿನ ಇರಲು ಬರುವವರೂ ಲೆಕ್ಕ ಇಟ್ಟುಕೊಳ್ಳಬೇಕು. ಯುಎಇ ವಾಸದ ವೀಸಾ ಇರುವವರು ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಸಾಮಾನ್ಯವಾಗಿ ಅದು ರದ್ದಾಗುತ್ತದೆ. ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ವಾಸದ ಅನುಮತಿ) ಇರುವವರು ವರ್ಷ ದಾಟುವಂತಿದ್ದರೆ ಹೊರಡುವ ಮುಂಚೆಯೇ, ತಿರುಗಿ ಒಳಗೆ ಬರಲು ಬೇಕಾದ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು.

ಫೋನು, ದುಡ್ಡು

ಭಾರತದ ಪ್ರೀಪೇಯ್ಡ್ ಸಿಮ್ ಅನ್ನು 90 ದಿನ ಬಳಸದೇ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಆ ನಂಬರು ಬೇರೆಯವರ ಪಾಲಾದರೆ ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಎಲ್ಲ ಕೈತಪ್ಪುತ್ತದೆ. ಊರಿಂದ ಹೊರಡುವ ದಿನವೇ ರೀಚಾರ್ಜ್ ತಾರೀಕನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಈಗ ತಿಪಟೂರಿನಲ್ಲಿ ಹೂವು ಮಾರುವವರ ಬುಟ್ಟಿಯಲ್ಲೂ ಕ್ಯೂಆರ್ ಕೋಡ್ ಇದೆ. ವಿದೇಶಿ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಅಮೆರಿಕ, ಯುಎಇ, ಸೌದಿ, ಕತಾರ್, ಒಮಾನ್, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಹಾಂಗ್‌ಕಾಂಗ್ ನಂಬರುಗಳಿಗೆ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಎರಡೂ ಅನಿವಾಸಿಗಳ ಬ್ಯಾಂಕ್ ಖಾತೆಗಳು, ಮೊದಲನೆಯದು ವಿದೇಶದ ಗಳಿಕೆಗೆ, ಎರಡನೆಯದು ಭಾರತದ ಆದಾಯಕ್ಕೆ) ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅನುಮತಿ ಸಿಕ್ಕಿದೆ. ನಿಮ್ಮ ಬ್ಯಾಂಕು ಕೊಡುತ್ತದಾ ಅಂತ ಅಲ್ಲಿದ್ದಾಗಲೇ ಕೇಳಿ. ವಿದೇಶಕ್ಕೆ ಹೋಗುವ ಮುಂಚಿನ ಹಳೇ ಉಳಿತಾಯ ಖಾತೆ ಹಾಗೆಯೇ ಇದ್ದರೆ ಅದನ್ನು ಎನ್‌ಆರ್‌ಒ ಮಾಡಿಸುವುದು ನಿಯಮ. ಈ ಸಲ ಮುಗಿಸಿಬಿಡಿ.

ಡಾಲರ್ ನೋಟು 5,000ಕ್ಕಿಂತ ಜಾಸ್ತಿ ತಂದರೆ ಕಸ್ಟಮ್ಸ್‌ನಲ್ಲಿ ಬರೆದುಕೊಡಬೇಕು. ಚಿನ್ನಕ್ಕೆ, ಉಡುಗೊರೆಗೆ ಎಷ್ಟರವರೆಗೆ ಸುಂಕ ಇಲ್ಲ ಅನ್ನೋದು ಆಗಾಗ ಬದಲಾಗುತ್ತದೆ, ಪ್ರತಿ ಸಲವೂ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಮದುವೆಯ ಒಡವೆಗಳನ್ನು ಊರಿಂದ ವಿದೇಶಕ್ಕೆ ಒಯ್ಯುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಮುಂದೆ ತಿರುಗಿ ತರುವಾಗ ಅವು ನಿಮ್ಮ ಹಳೇ ಒಡವೆಗಳೇ ಅನ್ನೋದಕ್ಕೆ ಅದೇ ಆಧಾರ.

ಸೂಟ್‌ಕೇಸಿನಲ್ಲಿ ಏನಿರಲಿ

ಒಂದು ಸೂಟ್‌ಕೇಸ್ ಪೂರ್ತಿ ಚಾಕಲೇಟ್ ತರುವುದನ್ನು ನಾನು ಬಿಟ್ಟಿದ್ದೇನೆ. ನಮ್ಮ ಮನೆಗಳಲ್ಲಿ ಐವತ್ತು ದಾಟಿದವರಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಒಮ್ಮೆ ಯೋಚಿಸಿ. ಹೊರಡುವ ತಿಂಗಳ ಮುಂಚೆ ಅಮ್ಮನನ್ನು ಕೇಳಿ. "ಏನೂ ಬೇಡ ಕಣೆ" ಅಂತಾರೆ. ಹಾಗೆ ಕೇಳಬೇಡಿ. "ರಾತ್ರಿ ಎದ್ದಾಗ ಕಾಣುತ್ತಾ?", "ಮಂಡಿಗೆ ಏನು ಹಚ್ತೀರಿ?", "ಅಪ್ಪ ಪೇಪರ್ ಓದೋಕೆ ಕಷ್ಟ ಪಡ್ತಾರಾ?" ಅಂತ ಕೇಳಿ. ಉತ್ತರದಲ್ಲಿ ಪಟ್ಟಿ ಇರುತ್ತದೆ. ಹೋದ ಸಲ ನಾನು ತಂದವುಗಳಲ್ಲಿ ಅಪ್ಪ ದಿನಾ ಮುಟ್ಟುವುದು ಎರಡೇ: ದೀಪ ಇರುವ ಒಂದು ಭೂತಗನ್ನಡಿ, ಹಗುರದ ಒಂದು ಟಾರ್ಚು.

ಅಮೆರಿಕದ ಮಿಕ್ಸಿ, ಹೇರ್ ಡ್ರೈಯರ್, ಅನ್ನದ ಕುಕ್ಕರ್ ತರಲೇಬೇಡಿ. ಅಲ್ಲಿ ಕರೆಂಟು 120 ವೋಲ್ಟ್, ಇಲ್ಲಿ 230. ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100-240 ಅಂತ ಬರೆದಿದ್ದರೆ ತೊಂದರೆ ಇಲ್ಲ, ಪಿನ್ ಬದಲಿಸುವ ಅಡಾಪ್ಟರ್ ಸಾಕು. ಚಿಕ್ಕ ಮಗು ಇದ್ದರೆ ಕಾರ್ ಸೀಟ್ ಜೊತೆಗೆ ತನ್ನಿ. ನಮ್ಮ ಟ್ಯಾಕ್ಸಿಗಳಲ್ಲಿ ಅದು ಸಿಗುವುದಿಲ್ಲ.

ಇಳಿದ ರಾತ್ರಿ

ವಿದೇಶದ ವಿಮಾನಗಳು ಬೆಂಗಳೂರಿಗೆ ಇಳಿಯುವುದು ಹೆಚ್ಚಾಗಿ ನಡುರಾತ್ರಿ ಇಲ್ಲವೇ ಬೆಳಗಿನ ಜಾವ. 2023ರಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಬರುತ್ತಿವೆ. ಕರೆದುಕೊಂಡು ಹೋಗಲು ಬರುವವರಿಗೆ ಇದನ್ನು ಸರಿಯಾಗಿ ಹೇಳಿ. ಹಳೇ ಟರ್ಮಿನಲ್ ಹತ್ತಿರ ಕಾಯುತ್ತಾ ನಿಂತವರನ್ನು ನಾನು ನೋಡಿದ್ದೇನೆ.

ಅಪ್ಪನನ್ನು ವಿಮಾನ ನಿಲ್ದಾಣಕ್ಕೆ ಬರಬೇಡಿ ಅನ್ನಿ. ಕಷ್ಟದ ಮಾತು, ಆದರೂ ಹೇಳಿ. ಎಪ್ಪತ್ತು ದಾಟಿದವರು ಸಂಜೆಯೇ ಊರು ಬಿಟ್ಟು, ರಾತ್ರಿಯೆಲ್ಲ ಕಾರಿನಲ್ಲಿ ಕೂತು, ಬೆಳಿಗ್ಗೆ ತಿರುಗಿ ಬರುವುದು ಬೇಡ. ಬೆಳಗಿನ ಜಾವ ಎರಡಕ್ಕೆ ಇಳಿದು ಆ ಕ್ಷಣವೇ ಊರಿನ ದಾರಿ ಹಿಡಿಯುವುದೂ ಬೇಡ. ಆ ಹೊತ್ತಿನಲ್ಲಿ ಡ್ರೈವರ್ ಕಣ್ಣಿಗೂ ನಿದ್ದೆ ಇರುತ್ತದೆ. ನಾವು ದೇವನಹಳ್ಳಿಯಲ್ಲೇ ಒಂದು ರೂಮು ಮಾಡಿ, ಬೆಳಿಗ್ಗೆ ಏಳಕ್ಕೆ ತಿಂಡಿ ತಿಂದು ಹೊರಡುತ್ತೇವೆ. ತುಮಕೂರು ಕಡೆಯವರು ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೋದರೆ ಬೆಂಗಳೂರಿನ ಒಳಗೆ ಹೋಗಬೇಕಿಲ್ಲ. ಮೈಸೂರಿನವರಿಗೆ ನಿಲ್ದಾಣದಿಂದಲೇ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ.

ಮೊದಲ ಮೂರು ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಬ್ಯಾಂಕು ಬೇಡ, ನೆಂಟರು ಬೇಡ. ಹಗಲು ಹೊತ್ತು ಜಗಲಿಯಲ್ಲಿ, ಬಿಸಿಲಿನಲ್ಲಿ ಕೂತರೆ ನಿದ್ದೆ ಬೇಗ ದಾರಿಗೆ ಬರುತ್ತದೆ. ಬೆಳಿಗ್ಗೆ ಮೂರಕ್ಕೇ ಎಚ್ಚರವಾದರೆ ಬೇಸರ ಬೇಡ. ನಮ್ಮಮ್ಮ ಏಳುವುದು ನಾಲ್ಕೂವರೆಗೆ. ಒಲೆ ಮುಂದೆ ಅಮ್ಮ, ಪಕ್ಕದಲ್ಲಿ ಮಣೆ ಹಾಕಿಕೊಂಡು ನಾನು, ಮನೆಯಲ್ಲಿ ಬೇರೆ ಯಾರಿಗೂ ಎಚ್ಚರವಿಲ್ಲ. ವರ್ಷಗಳಿಂದ ಫೋನಿನಲ್ಲಿ ಹೇಳದ ಎಷ್ಟೋ ಮಾತು ಅಮ್ಮ ಆ ಹೊತ್ತಿನಲ್ಲಿ ಹೇಳಿದ್ದಾರೆ.

ಯಾರ ಮನೆಗೆ ಮೊದಲು

ನೀವು ಇಲ್ಲದಾಗ ಸಾವಾದ ಮನೆಗಳಿಗೆ ಮೊದಲು ಹೋಗಿ. ಫೋನಿನಲ್ಲಿ ಮಾತಾಡಿರಬಹುದು, ದುಡ್ಡು ಕಳಿಸಿರಬಹುದು. ಆದರೂ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಬೇರೆಯೇ. ಯಾವ ವಾರ ಹೋಗಬೇಕು, ಏನು ತಗೊಂಡು ಹೋಗಬೇಕು, ಅಲ್ಲಿಂದ ನೇರ ಬೇರೆಯವರ ಮನೆಗೆ ಹೋಗಬಹುದಾ, ಇದನ್ನೆಲ್ಲ ಅಮ್ಮನನ್ನೇ ಕೇಳಿ. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ನಮ್ಮ ದೊಡ್ಡಪ್ಪ ತೀರಿಕೊಂಡು ಒಂದೂವರೆ ವರ್ಷ ಆದಮೇಲೆ ನಾನು ಆ ಮನೆಗೆ ಹೋದೆ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, ಅವತ್ತೇ ಆಯಿತೇನೋ ಅನ್ನುವ ಹಾಗೆ, ಆಸ್ಪತ್ರೆಯ ಆ ರಾತ್ರಿಯನ್ನು ಮೊದಲಿಂದ ಹೇಳಿದರು. ಬಂದವರಿಗೆಲ್ಲ ಹೇಳಿ ಮುಗಿದಿದ್ದ ಮಾತು ಅದು. ನಾನು ಕೇಳುವುದು ಬಾಕಿ ಇತ್ತು.

ಆಮೇಲೆ ಹಾಸಿಗೆ ಹಿಡಿದಿರುವ ಹಿರಿಯರು. ಸೋದರಮಾವ, ಅತ್ತೆ, ನಿಮಗೆ ಪಾಠ ಹೇಳಿದ ಮೇಷ್ಟ್ರು. ಇವರನ್ನು ಮುಂದಿನ ಸಲಕ್ಕೆ ಬಿಡಬೇಡಿ.

ಮಿಕ್ಕವರಿಗೆ ಒಂದು ದಾರಿ ಇದೆ. ಒಂದು ಭಾನುವಾರ ಎಲ್ಲರನ್ನೂ ತವರು ಮನೆಗೇ ಊಟಕ್ಕೆ ಕರೆಯಿರಿ. ಅಡುಗೆಯವರನ್ನು ಗೊತ್ತು ಮಾಡಿ, ಅಮ್ಮನ ತಲೆ ಮೇಲೆ ಹಾಕಬೇಡಿ. ನಲವತ್ತು ಜನ ಒಂದೇ ದಿನ ಸಿಗುತ್ತಾರೆ. ಅವರೂ ಒಬ್ಬರನ್ನೊಬ್ಬರು ನೋಡಿ ಎಷ್ಟೋ ದಿನ ಆಗಿರುತ್ತದೆ. ಹದಿನೈದು ಮನೆ ಸುತ್ತುವುದು ತಪ್ಪುತ್ತದೆ, ನಿಮ್ಮ ಹಾಳೆಯ ಹತ್ತು ದಿನ ಉಳಿಯುತ್ತದೆ.

ಅಪ್ಪ ಅಮ್ಮನ ಕೆಲಸಗಳು

ನನ್ನ ಮಟ್ಟಿಗೆ ಊರಿಗೆ ಬರುವ ಕಾರಣಗಳಲ್ಲಿ ದೊಡ್ಡದು ಇದು. ಫೋನಿನಲ್ಲಿ ಅವರು "ಚೆನ್ನಾಗಿದೀವಿ" ಅಂತಲೇ ಹೇಳುತ್ತಾರೆ. ಕಣ್ಣಾರೆ ನೋಡಿದರೆ ಮಾತ್ರ ಗೊತ್ತಾಗುವುದು.

ಮಾತ್ರೆ ಡಬ್ಬಿಯಿಂದ ಶುರು ಮಾಡಿ. ನಮ್ಮ ಮನೆಯಲ್ಲಿ ಅದು ಒಂದು ಹಳೇ ಬಿಸ್ಕತ್ ಡಬ್ಬಿ, ಫ್ರಿಜ್ಜಿನ ಮೇಲೆ ಇರುತ್ತದೆ. ಒಂದು ಮಧ್ಯಾಹ್ನ ಅದನ್ನು ಚಾಪೆ ಮೇಲೆ ಸುರಿದೆ. ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿಗಳು, ಎರಡು ವರ್ಷದ ಹಿಂದೆಯೇ ಅವಧಿ ಮುಗಿದ ಕೆಮ್ಮಿನ ಔಷಧಿ. ಬಿಪಿ ಮಾತ್ರೆ ಎರಡು ಥರದ್ದಿತ್ತು, ಒಂದು ನೀಲಿ ಸ್ಟ್ರಿಪ್ಪು, ಇನ್ನೊಂದು ಕೆಂಪು. ಅಮ್ಮ ಎರಡನ್ನೂ ನುಂಗುತ್ತಿದ್ದರು. ಕಣ್ಣಿಗೆ ಹತ್ತಿರ ಹಿಡಿದು ಸಣ್ಣಕ್ಷರ ಓದಿದೆ. ಎರಡರ ಮೇಲೂ ಆಮ್ಲೊಡಿಪಿನ್ ಅಂತಲೇ ಇತ್ತು. ಹೆಸರು ಎರಡು, ಔಷಧಿ ಒಂದೇ. ಒಬ್ಬರು ಊರಿನ ಡಾಕ್ಟರು ಬರೆದದ್ದು, ಇನ್ನೊಬ್ಬರು ಬೆಂಗಳೂರಿನವರು. ಕಾಲು ಊದಿಕೊಳ್ಳುತ್ತದೆ ಅಂತ ಅಮ್ಮ ವರ್ಷದಿಂದ ಹೇಳುತ್ತಿದ್ದರು.

ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅಪ್ಪ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ. ನಾವು ಹಾಗೆಯೇ ಮಾಡಿದೆವು. ಅವರು ಒಂದನ್ನು ನಿಲ್ಲಿಸಿದರು, ವಾರದಲ್ಲಿ ಕಾಲಿನ ಊತ ಇಳಿಯಿತು. ರಕ್ತ ಪರೀಕ್ಷೆ, ಕಣ್ಣು, ಕಿವಿ, ಹಲ್ಲು ಎಲ್ಲವನ್ನೂ ಮೊದಲ ವಾರದಲ್ಲೇ ಮಾಡಿಸಿ. ಕೊನೆಯ ವಾರದಲ್ಲಿ ಮಾಡಿಸಿದರೆ ರಿಪೋರ್ಟ್ ಬರುವ ಹೊತ್ತಿಗೆ ನೀವು ವಿಮಾನದಲ್ಲಿರುತ್ತೀರಿ. ಆಮೇಲೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಯಿರಿ: ಯಾವ ಮಾತ್ರೆ, ಯಾವುದಕ್ಕೆ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ. ಒಂದು ಪ್ರತಿ ಗೋಡೆಗೆ, ಒಂದು ಅಪ್ಪನ ಜೇಬಿಗೆ, ಒಂದು ಪಕ್ಕದ ಮನೆಯವರಿಗೆ, ಒಂದು ನಿಮ್ಮ ಫೋನಿಗೆ.

ಬಚ್ಚಲು ಮನೆ ನೋಡಿ. ನೆಲ ಜಾರುತ್ತದಾ? ಎದ್ದು ನಿಲ್ಲುವಾಗ ಅಮ್ಮ ಏನು ಹಿಡಿದುಕೊಳ್ಳುತ್ತಾರೆ? ನಮ್ಮಮ್ಮ ನಲ್ಲಿಯನ್ನು ಹಿಡಿದುಕೊಂಡು ಏಳುತ್ತಿದ್ದರು, ಅದು ಗೋಡೆಯಿಂದ ಅಲ್ಲಾಡುತ್ತಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ಹಿಡಿಕೆ ಸಿಗುತ್ತದೆ. ಪ್ಲಂಬರ್ ಕರೆಸಿದರೆ ಅರ್ಧ ದಿನದ ಕೆಲಸ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ನೀವು ಈ ಸಲ ಮಾಡುವ ಖರ್ಚಿನಲ್ಲಿ ಇದು ತೀರಾ ಸಣ್ಣದು, ಆದರೆ ಸೊಂಟದ ಮೂಳೆ ಉಳಿಸುತ್ತದೆ.

ಬ್ಯಾಂಕಿಗೆ ಒಂದು ಬೆಳಿಗ್ಗೆ ಸಾಕು. ಇಬ್ಬರ ಪಾಸ್‌ಬುಕ್ಕಿನಲ್ಲೂ ನಾಮಿನಿ ಹೆಸರಿದೆಯಾ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಎದುರಿಗೇ ಈ ಮಾತಾಡಿ. ಪಿಂಚಣಿ ಬರುವವರು ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ಈಗ ಅದನ್ನು ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ಹತ್ತಿರದಲ್ಲಿರುವ ಒಬ್ಬ ಹುಡುಗನಿಗೆ ಅದನ್ನು ಕಲಿಸಿ ಹೋಗಿ.

ಜಮೀನು ಇರುವವರು ಪಹಣಿ ತೆಗೆಸಿ ನೋಡಿ. ನಮ್ಮ ತೋಟದ ಪಹಣಿ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜ ಹೋಗಿ ಇಪ್ಪತ್ತು ವರ್ಷ ಆಗಿತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ನಾಡಕಚೇರಿಗೆ ಎರಡು ಮೂರು ಸಲ ಓಡಾಟ ಇದ್ದೇ ಇರುತ್ತದೆ. ಮೂರು ವಾರದಲ್ಲಿ ಪೂರ್ತಿ ಮುಗಿಯದಿರಬಹುದು, ಅರ್ಜಿ ಕೊಟ್ಟು ಸಹಿಗಳನ್ನಾದರೂ ಮುಗಿಸಿ. ವಿದೇಶದಿಂದ ಅಧಿಕಾರ ಪತ್ರ ಕಳಿಸಬೇಕಾಗಿ ಬಂದರೆ ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಇನ್ನೊಂದು ವಿಷಯ. ಅನಿವಾಸಿಗಳು ಪಿತ್ರಾರ್ಜಿತವಾಗಿ ಬಂದ ಕೃಷಿ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. "ನಿಮ್ಮ ಹೆಸರಿಗೇ ಮಾಡಿಕೊಡ್ತೀವಿ" ಅಂತ ಯಾರಾದರೂ ಜಮೀನು ತೋರಿಸಿದರೆ ಮುಂಗಡ ಕೊಡಬೇಡಿ.

ಮನೆ ಸ್ವಚ್ಛ ಮಾಡುತ್ತೇನೆ ಅಂತ ಅಟ್ಟದ ಸಾಮಾನು ಎಸೆಯಬೇಡಿ. ನಮಗೆ ಕಸ ಅನಿಸುವ ಹಿತ್ತಾಳೆ ಕೊಳಗ, ತೂತು ಬಿದ್ದ ಮೊರ ಅವರಿಗೆ ಲೆಕ್ಕಕ್ಕಿರುತ್ತದೆ. ಕೇಳಿ, ಅವರು ಬೇಡ ಅಂದದ್ದನ್ನು ಮಾತ್ರ ತೆಗೆಯಿರಿ.

ಮಕ್ಕಳು

ಹೊರಡುವುದಕ್ಕೆ ತಿಂಗಳು, ಒಂದೂವರೆ ತಿಂಗಳು ಮುಂಚೆಯೇ ಮಕ್ಕಳ ಡಾಕ್ಟರನ್ನು ನೋಡಿ, ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬಗ್ಗೆ ಕೇಳಿ. ಇಲ್ಲಿ ಕಾಯಿಸಿ ಆರಿಸಿದ ನೀರನ್ನೇ ಕೊಡಿ, ಹಲ್ಲುಜ್ಜುವಾಗಲೂ. ಭೇದಿ ಶುರುವಾದರೆ ಮೆಡಿಕಲ್ ಅಂಗಡಿಯಲ್ಲಿ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿರುವ ಒಆರ್‌ಎಸ್ ಪುಡಿಯ ಪ್ಯಾಕೆಟ್ ತಗೊಂಡು, ಅದರ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಕೊಡಿ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ತುಂಬು ತೋಳಿನ ಅಂಗಿ ಇರಲಿ.

ತಾತ ಅಜ್ಜಿ ಜೊತೆ ಮಾತಾಡು ಅಂತ ಮಕ್ಕಳನ್ನು ಎದುರಿಗೆ ಕೂರಿಸಿದರೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಕೈಗೆ ಒಂದು ಕೆಲಸ ಕೊಡಿ. ನನ್ನ ಮಗನಿಗೆ ಎಂಟು ವರ್ಷ. ಕನ್ನಡ ಅರ್ಥವಾಗುತ್ತದೆ, ಮಾತು ಕಡಿಮೆ. ಹೋದ ಡಿಸೆಂಬರ್‌ನಲ್ಲಿ ಅಮ್ಮ ರಾತ್ರಿ ನೆನೆಸಿಟ್ಟ ಅವರೆಕಾಳಿನ ಪಾತ್ರೆಯನ್ನು ಬೆಳಿಗ್ಗೆ ಅವನ ಮುಂದೆ ಇಟ್ಟರು. ಕಾಳನ್ನು ಎರಡು ಬೆರಳಿನ ಮಧ್ಯೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಮೊದಲನೆಯದು ಅಜ್ಜಿಯ ಮಡಿಲಿಗೆ ಬಿತ್ತು. ಎರಡನೆಯದು ತಾತನ ಕನ್ನಡಕಕ್ಕೆ. ಆಮೇಲೆ ಎರಡು ಗಂಟೆ ಮೂವರೂ ಎದ್ದಿಲ್ಲ. ಮಧ್ಯಾಹ್ನ ಹಿತಕಿದ ಬೇಳೆ ಸಾರಿಗೆ ಮುದ್ದೆ ಮುರಿದು ಹಾಕಿಕೊಂಡು, "ಇದು ನಾನು ಮಾಡಿದ್ದು" ಅಂದ. ಕನ್ನಡದಲ್ಲೇ ಅಂದ.

ವಾಪಸ್ ಹೊರಡುವಾಗ

ಪ್ಯಾಕಿಂಗ್ ಅನ್ನು ಎರಡು ದಿನ ಮುಂಚೆ ಮುಗಿಸಿ. ಕೊನೆಯ ಸಂಜೆ ತೂಕದ ಯಂತ್ರದ ಮುಂದೆ ಹೋಗಬಾರದು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ತಿಪಟೂರಿನ ಉಂಡೆ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. 2022ರಿಂದ ಅದು ನಿಷೇಧಿತ ಪಟ್ಟಿಯಲ್ಲಿದೆ. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅನ್ನುವುದು ಕಾರಣ. ಅಪ್ಪ ತೋಟದ್ದೇ ಅಂತ ಆರಿಸಿ ಕೊಟ್ಟದ್ದನ್ನು ನಿಲ್ದಾಣದಲ್ಲಿ ತೆಗೆದು ಬಿಡುವುದು ತುಂಬಾ ನೋವು. ಅದಕ್ಕೆ ಅಮ್ಮ ಈಗ ಅದನ್ನು ತುರಿದು ಕೊಬ್ಬರಿ ಚಟ್ನಿ ಪುಡಿ ಮಾಡಿ ಕೊಡುತ್ತಾರೆ. ಸಾರಿನ ಪುಡಿ, ಹಪ್ಪಳ, ಚಟ್ನಿ ಪುಡಿ ಚೆಕ್-ಇನ್‌ನಲ್ಲಿ ಹೋಗುತ್ತವೆ. ಉಪ್ಪಿನಕಾಯಿ ಬಾಟಲಿಯನ್ನು ಎರಡು ಕವರಿನಲ್ಲಿ ಸುತ್ತಿ ಅಲ್ಲೇ ಹಾಕಿ, ಕೈಚೀಲದಲ್ಲಿ ಬೇಡ. ಅಮೆರಿಕಕ್ಕೆ ಹಸಿ ಕರಿಬೇವು, ಮಾವಿನಹಣ್ಣು, ಯಾವುದೇ ಹಸಿ ಹಣ್ಣು ಒಯ್ಯಬೇಡಿ. ಕರಿಬೇವು ನಿಂಬೆ, ಕಿತ್ತಳೆ ಜಾತಿಗೆ ಸೇರಿದ್ದು, ಅದರ ಮೂಲಕ ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ ಅಂತ ತಡೆದಿದ್ದಾರೆ. ಇಳಿದಾಗ ತಿಂಡಿ ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಹೇಳದೆ ಸಿಕ್ಕರೆ ದಂಡ.

ಕೊನೆಯ ದಿನ ಎಲ್ಲಿಗೂ ಹೋಗಬೇಡಿ, ಯಾರನ್ನೂ ಕರೆಯಬೇಡಿ. ಬೀಳ್ಕೊಡುಗೆ ಮನೆಯ ಬಾಗಿಲಲ್ಲೇ ಆಗಲಿ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ. ಹೊರಗಿನ ಗದ್ದಲದಲ್ಲಿ, ಸಾಮಾನಿನ ಗಾಡಿ ತಳ್ಳುತ್ತಾ, ಅಪ್ಪ ಅಮ್ಮನ ಕಾಲಿಗೆ ನಮಸ್ಕಾರ ಮಾಡುವುದಕ್ಕಿಂತ ಮನೆಯ ಹೊಸ್ತಿಲ ಹತ್ತಿರ ಮಾಡುವುದು ಸಮಾಧಾನ. ಅಮ್ಮ ಕುಂಕುಮ ಇಡುತ್ತಾರೆ, ಕೈಗೆ ಮೊಸರು ಸಕ್ಕರೆ ಹಾಕುತ್ತಾರೆ. "ಹೋಗ್ತೀನಿ" ಅನ್ನಬೇಡಿ, "ಹೋಗಿ ಬರ್ತೀನಿ" ಅನ್ನಿ.

ಹೊರಡುವ ಮುಂಚೆ ಒಂದು ಕೆಲಸವನ್ನು ಮಾತ್ರ ಗೊತ್ತು ಮಾಡಿ ಹೋಗಿ. ನಾನು ವಾರದ ಏಳು ಖಾನೆಗಳಿರುವ ಮಾತ್ರೆ ಡಬ್ಬಿಯನ್ನು ಅಮ್ಮನಿಗೆ ಕೊಟ್ಟು ಬಂದಿದ್ದೇನೆ. ಪ್ರತಿ ಭಾನುವಾರ ಅವರ ಸಂಜೆ ಏಳಕ್ಕೆ, ನನಗೆ ಬೆಳಿಗ್ಗೆ ಎಂಟೂವರೆಗೆ, ಚಳಿಗಾಲ ಕಳೆದು ಗಡಿಯಾರ ಮುಂದಕ್ಕೆ ತಿರುಗಿಸಿದಮೇಲೆ ಒಂಬತ್ತೂವರೆಗೆ, ವಿಡಿಯೋ ಕಾಲ್ ಮಾಡುತ್ತೇನೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟುಕೊಂಡು ಅಮ್ಮ ಒಂದೊಂದೇ ಸ್ಟ್ರಿಪ್ಪು ಎತ್ತಿ ತೋರಿಸುತ್ತಾರೆ. ನಾನು ಹೆಸರು ಓದುತ್ತೇನೆ, ಅವರು ಖಾನೆಗೆ ಹಾಕುತ್ತಾರೆ. ಸೋಮವಾರ, ಮಂಗಳವಾರ. ಮಧ್ಯೆ ಮಧ್ಯೆ ಊರಿನ ಸುದ್ದಿ. ಶನಿವಾರದ ಖಾನೆ ಮುಚ್ಚುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತದೆ.